ಜೂಲಿ ಕುಂಟಲಿಲ್ಲ, ಅದಕ್ಕೇ ತಡವಾಯಿತು

“ಇವಳೂ ನನ್ನ ಹಾಗೇ ಏಳ್ತಾಳಲ್ಲೋ” ಎಂದರು ಅಮ್ಮ.

ಬೆಳಗ್ಗೆ ಆರೂವರೆ ಇರಬೇಕು. ಬಾಗಿಲ ಪಕ್ಕ ಮಲಗಿದ್ದ ನಮ್ಮ ನಾಯಿ ಜೂಲಿ ಏಳುತ್ತಿದ್ದಳು. ಮೊದಲು ಮುಂಗಾಲು ಊರಿದಳು. ಅರ್ಧ ಕೂತು ಅರ್ಧ ಎದ್ದು ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಹಿಂಭಾಗವನ್ನು ಒಂದೇ ಸಲ ಎಳೆದುಕೊಂಡು ಎದ್ದಳು. ಮೊದಲ ನಾಲ್ಕು ಹೆಜ್ಜೆ ಮರಗಟ್ಟಿದ ಹಾಗೆ. ಅದಾದ ಮೇಲೆ ಏನೂ ಆಗೇ ಇಲ್ಲ ಎನ್ನುವಂತೆ ಬಾಲ ಆಡಿಸುತ್ತಾ ನನ್ನ ಹತ್ತಿರ ಬಂದಳು.

ಅಮ್ಮನಿಗೆ ಮಂಡಿನೋವು ಶುರುವಾಗಿ ಹತ್ತು ವರ್ಷವಾಯಿತು. ಕುರ್ಚಿಯ ಕೈ ಹಿಡಿದು ಏಳುತ್ತಾರೆ, ಒಂದು ಕ್ಷಣ ನಿಲ್ಲುತ್ತಾರೆ, ನಾಲ್ಕು ಹೆಜ್ಜೆ ಬಿಗಿಯಾಗಿ ಇಡುತ್ತಾರೆ, ಆಮೇಲೆ ಸಲೀಸಾಗಿ ನಡೆಯುತ್ತಾರೆ. ಪಕ್ಕಪಕ್ಕದಲ್ಲೇ ಇಬ್ಬರನ್ನೂ ದಿನಾ ನೋಡುತ್ತಿದ್ದೆ. ಎರಡೂ ಒಂದೇ ಅಂತ ನನಗೆ ಹೊಳೆದಿರಲಿಲ್ಲ.

ಜೂಲಿ ಲ್ಯಾಬ್ರಡಾರ್ ಬೆರಕೆ. ಆಗ ಅವಳಿಗೆ ಹತ್ತು ವರ್ಷ. ಹಿಂದಿನ ಆರೇಳು ತಿಂಗಳನ್ನು ಈಗ ನೆನೆಸಿಕೊಂಡರೆ ಎಲ್ಲವೂ ಕಣ್ಣೆದುರೇ ಇತ್ತು. ಮಹಡಿ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದಳು. ನನ್ನ ಕೋಣೆ ಮೇಲಿದೆ. ಎಂಟು ವರ್ಷ ನನ್ನ ಮಂಚದ ಪಕ್ಕದಲ್ಲೇ ಮಲಗಿದವಳು ಒಂದು ದಿನ ಕೆಳಗೇ ಉಳಿದಳು. ಕೆಳಗೆ ತಂಪಾಗಿರಬೇಕು ಅಂದುಕೊಂಡೆ. ಕಾರಿನ ಬಾಗಿಲು ತೆಗೆದರೆ ಹಾರುವ ಮುಂಚೆ ನನ್ನ ಮುಖ ನೋಡುತ್ತಿದ್ದಳು. ಸೋಮಾರಿ ಆಗಿದ್ದಾಳೆ ಅಂತ ನಕ್ಕೆ. ಬಲಗಡೆಯ ತೊಡೆಯನ್ನು ನೆಕ್ಕಿ ನೆಕ್ಕಿ ಕೂದಲ ಬಣ್ಣವೇ ಬದಲಾಗಿತ್ತು. ಚರ್ಮದ ತುರಿಕೆ ಅಂದುಕೊಂಡು ಶಾಂಪೂ ತಂದೆ. ಪಕ್ಕದ ಮನೆಯ ಮಗು ಅವಳ ಸೊಂಟದ ಮೇಲೆ ಒರಗಿದಾಗ ಗುರ್ ಅಂದಳು. ಹುಟ್ಟಿದಾಗಿನಿಂದ ಯಾರಿಗೂ ಗುರ್ ಅಂದವಳಲ್ಲ. ಅವತ್ತು ಜೋರಾಗಿ ಬೈದೆ, ಹೊರಗೆ ಹಾಕಿದೆ. ಅದೊಂದು ಮಾತ್ರ ಈಗಲೂ ಚುಚ್ಚುತ್ತದೆ.

ಪ್ರತಿಯೊಂದಕ್ಕೂ ಒಂದೊಂದು ನೆಪ ಹುಡುಕಿಕೊಂಡಿದ್ದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ, ಅಷ್ಟೇ. ಅವಳು ಕುಂಟಿದ್ದರೆ ಮರುದಿನವೇ ಓಡಿಹೋಗುತ್ತಿದ್ದೆ. ಅವಳು ಕುಂಟಲಿಲ್ಲ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಮಾಡಿದ ಒಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ನಾಲ್ಕು ದಿನ ಬಿಟ್ಟು. ಆ ರಾತ್ರಿ ಜೂಲಿ ಮಲಗಲಾಗದೆ ಜಾಗ ಬದಲಿಸುತ್ತಾ, ಏದುಸಿರು ಬಿಡುತ್ತಾ ಇದ್ದಳು. ಅಮ್ಮನ ಮಾತ್ರೆ ಡಬ್ಬಿಯಲ್ಲಿ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಇತ್ತು. ಮನುಷ್ಯರಿಗೆ ಆಗುತ್ತೆ ಅಂದಮೇಲೆ ಅರ್ಧ ಮಾತ್ರೆಯಲ್ಲಿ ಏನಾದೀತು ಅಂತ ಕೊಟ್ಟೆ. ಬೆಳಗ್ಗೆ ಎರಡು ಸಲ ವಾಂತಿ. ಆ ದಿನವಿಡೀ ಬಟ್ಟಲನ್ನು ಮೂಸಿಯೂ ನೋಡಲಿಲ್ಲ. ಗಾಬರಿಯಾಗಿ ಅವತ್ತೇ ಕರೆದುಕೊಂಡು ಹೋದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ನೋವು ತರಿಸುವ ರಾಸಾಯನಿಕಗಳ ಗುಂಪಿನವೇ ಹೊಟ್ಟೆಯ ಒಳಪದರವನ್ನೂ ಕಿಡ್ನಿಗೆ ಹೋಗುವ ರಕ್ತವನ್ನೂ ಕಾಪಾಡುತ್ತವಂತೆ. ಈ ಮಾತ್ರೆಗಳು ಎರಡನ್ನೂ ಒಟ್ಟಿಗೇ ತಡೆಯುತ್ತವೆ. ನಾಯಿಯ ಮೈಗೆ ಐಬುಪ್ರೊಫೆನ್ ತಡೆದುಕೊಳ್ಳುವ ಶಕ್ತಿ ನಮಗಿಂತ ತುಂಬಾ ಕಡಿಮೆ. ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಯೇ ಕೈಕೊಡಬಹುದು. ನ್ಯಾಪ್ರೋಕ್ಸೆನ್, ಪ್ಯಾರಾಸಿಟಮಾಲ್, ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ನಾವಾಗಿ ಕೊಡುವ ಹಾಗಿಲ್ಲ. ಇನ್ನೊಂದು ನಷ್ಟವೂ ಆಯಿತು. ಈ ಜಾತಿಯ ಒಂದು ನೋವಿನ ಮಾತ್ರೆ ಮೈಯಿಂದ ಪೂರ್ತಿ ಹೋಗುವ ತನಕ ಅದೇ ಜಾತಿಯ ಇನ್ನೊಂದನ್ನು ಶುರು ಮಾಡಬಾರದು. ನನ್ನ ಅರ್ಧ ಮಾತ್ರೆಯಿಂದಾಗಿ ಜೂಲಿ ಸರಿಯಾದ ಮಾತ್ರೆಗಾಗಿ ಇನ್ನೂ ಒಂದು ವಾರ ಕಾಯಬೇಕಾಯಿತು.

ಪರೀಕ್ಷೆಯ ದಿನ ತಮಾಷೆ. ಆಸ್ಪತ್ರೆಯೊಳಗೆ ಕಾಲಿಟ್ಟ ಕೂಡಲೇ ಜೂಲಿ ಮರಿಯ ಹಾಗೆ ನಡೆದಳು. ಭಯಕ್ಕೋ ಉತ್ಸಾಹಕ್ಕೋ ನೋವು ಹಿಂದೆ ಸರಿಯುತ್ತದಂತೆ. ಪುಣ್ಯಕ್ಕೆ ಅಮ್ಮ ಫೋನಿನಲ್ಲಿ ಬೆಳಗಿನ ಏಳುವಿಕೆಯ ವಿಡಿಯೋ ಮಾಡಿಟ್ಟಿದ್ದರು. ಡಾಕ್ಟರು ಅದನ್ನು ಮೂರು ಸಲ ನೋಡಿದರು. ಆಮೇಲೆ ಟೇಪು ತೆಗೆದು ತೊಡೆಯ ಸುತ್ತಳತೆ ಅಳೆದರು. ಎಡಗಡೆ 36 ಸೆಂಟಿಮೀಟರ್, ಬಲಗಡೆ 33. ಬಳಸದ ಕಾಲಿನ ಮಾಂಸಖಂಡ ಕರಗುತ್ತದೆ. ನಾಯಿ ಸುಮ್ಮನೆ ನಿಂತಾಗ ಮೈಭಾರದ ಶೇಕಡ 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ಹಿಂಭಾಗ ನೋಯತೊಡಗಿದರೆ ಇನ್ನಷ್ಟು ಭಾರ ಮುಂದಕ್ಕೆ ಸರಿಯುತ್ತದೆ. ಜೂಲಿಯ ಎದೆ, ಹೆಗಲು ದಪ್ಪವಾಗಿ, ಹಿಂಭಾಗ ಸಣ್ಣದಾಗಿದ್ದು ಅದಕ್ಕೇ. ನಾನು ಅದನ್ನು ‘ಗಟ್ಟಿಮುಟ್ಟಾಗಿದ್ದಾಳೆ’ ಅಂದುಕೊಂಡಿದ್ದೆ.

ಎರಡೂ ಸೊಂಟದ ಕೀಲಿಗೂ ತೊಂದರೆ ಇತ್ತು. ಒಂದು ಕಾಲು ನೋಯುತ್ತಿದ್ದರೆ ಇನ್ನೊಂದರ ಮೇಲೆ ಭಾರ ಹಾಕಿ ಕುಂಟಬಹುದು. ಎರಡೂ ನೋಯುವಾಗ ಯಾವ ಕಡೆಗೆ ಕುಂಟುವುದು? “ನಾಯಿ ಅಳಲ್ಲ, ಮಾಡ್ತಿದ್ದ ಕೆಲಸ ಒಂದೊಂದೇ ಬಿಡುತ್ತೆ. ಏನು ಮಾಡ್ತಿದೆ ಅಂತ ನೋಡಬೇಡಿ, ಏನು ಬಿಟ್ಟಿದೆ ಅಂತ ನೋಡಿ” ಎಂದರು ಡಾಕ್ಟರು.

ಎಕ್ಸ್‌ರೇಯಲ್ಲಿ ಕಂಡಿದ್ದು ಹಿಪ್ ಡಿಸ್‌ಪ್ಲೇಸಿಯ. ತೊಡೆಮೂಳೆಯ ತಲೆ ಸೊಂಟದ ಗುಳಿಯಲ್ಲಿ ಸರಿಯಾಗಿ ಕೂತಿಲ್ಲ, ಬೆಳೆಯುವ ಕಾಲದಿಂದಲೂ. ಸಡಿಲ ಕೀಲು ವರ್ಷಗಟ್ಟಲೆ ಅಲ್ಲಾಡಿ ಮೂಳೆಯ ತುದಿಯ ನುಣುಪಾದ ಕಾರ್ಟಿಲೇಜ್ ಸವೆದಿದೆ. ಒಳಗೆ ಉರಿ, ಊತ. ಅಂಚಿನಲ್ಲಿ ಹೊಸ ಮೂಳೆ ಮೊಳಕೆ ಒಡೆದ ಹಾಗೆ ಬೆಳೆದಿದೆ. ಇದೇ ಆಸ್ಟಿಯೋ ಆರ್ಥ್ರೈಟಿಸ್. ನಾನು ಇದನ್ನು ಮುಪ್ಪಿನ ಕಾಯಿಲೆ ಅಂದುಕೊಂಡಿದ್ದೆ. ನಾಯಿಗಳಲ್ಲಿ ಹೆಚ್ಚಾಗಿ ಹಾಗಲ್ಲ. ಸೊಂಟ ಅಥವಾ ಮೊಣಕೈಯ ಬೆಳವಣಿಗೆಯ ದೋಷ, ಹರಿದ ಮಂಡಿಯ ಲಿಗಮೆಂಟ್, ಜಾರುವ ಮಂಡಿಚಿಪ್ಪು, ಇಂಥ ಯಾವುದೋ ಒಂದು ಮೊದಲು ಇರುತ್ತದೆ. ಅದರ ಹಿಂದೆ ಇದು ಬರುತ್ತದೆ. ಹಾಗಾಗಿ ಎರಡು ವರ್ಷದ ನಾಯಿಗೂ ಇರಬಹುದು. ಜೂಲಿಗೂ ಎಷ್ಟು ವರ್ಷದಿಂದ ಇತ್ತೋ. ಮರಿಯಿದ್ದಾಗ ಅವಳು ಎರಡೂ ಹಿಂಗಾಲನ್ನು ಒಟ್ಟಿಗೆ ಎತ್ತಿ ಮೊಲದ ಹಾಗೆ ಓಡುತ್ತಿದ್ದಳು. ಮುದ್ದಾಗಿದೆ ಅಂತ ಎಲ್ಲರಿಗೂ ತೋರಿಸುತ್ತಿದ್ದೆ.

ಎಕ್ಸ್‌ರೇ ನೋಡಿ ಕಂಗಾಲಾದವನಿಗೆ ಡಾಕ್ಟರು ಹೇಳಿದ ಇನ್ನೊಂದು ವಿಷಯವೂ ನೆನಪಿದೆ. ಚಿತ್ರ ಎಷ್ಟು ಕೆಟ್ಟದಾಗಿದೆ ಎನ್ನುವುದಕ್ಕೂ ನೋವು ಎಷ್ಟಿದೆ ಎನ್ನುವುದಕ್ಕೂ ನೇರ ಸಂಬಂಧ ಇಲ್ಲ. ಭಯಂಕರ ಎಕ್ಸ್‌ರೇ ಇರುವ ನಾಯಿ ಆರಾಮಾಗಿ ಓಡಾಡಬಹುದು, ಸಣ್ಣ ಬದಲಾವಣೆ ಇರುವುದು ನರಳಬಹುದು. ಮೂಳೆಯನ್ನು ಮೊದಲಿನ ಹಾಗೆ ಮಾಡಲಾಗದು. ನೋವನ್ನು ಇಳಿಸಬಹುದು. ಇಳಿಯಿತೋ ಇಲ್ಲವೋ ಅಂತ ಹೇಳಬೇಕಾದವನು ನಾನು.

ಆರು ತಿಂಗಳು ಕಣ್ಣೆದುರು ಇದ್ದದ್ದನ್ನೇ ನೋಡದವನು!

ಅವತ್ತು ಒಂದು ನೋಟ್‌ಬುಕ್ ತಂದೆ. ಡಾಕ್ಟರು ಒಂದು ಪ್ರಶ್ನೆಪಟ್ಟಿ ಕೊಟ್ಟಿದ್ದರು. ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು, 11 ಪ್ರಶ್ನೆ. ಮನಸ್ಸು ಹೇಗಿದೆ, ಆಟಕ್ಕೆ ಬರುತ್ತಾಳಾ, ನೋವಿಗೆ ಕುಂಯ್ ಅನ್ನುತ್ತಾಳಾ, ನಡೆಯುವುದು, ಓಡುವುದು, ಹಾರುವುದು, ಮಲಗುವುದು, ಏಳುವುದು, ಬಹಳ ಹೊತ್ತು ಮಲಗಿ ಎದ್ದಮೇಲೆ ಹೇಗೆ, ಜಾಸ್ತಿ ಓಡಾಡಿದ ಮೇಲೆ ಹೇಗೆ. ಒಂದೊಂದಕ್ಕೂ 0ಯಿಂದ 4ರ ತನಕ ಅಂಕ. ಒಟ್ಟು 44. 12 ಅಥವಾ ಅದಕ್ಕಿಂತ ಹೆಚ್ಚಿದ್ದರೆ ದೀರ್ಘಕಾಲದ ನೋವಿದೆ ಅಂತ ಲೆಕ್ಕ. ಜೂಲಿಗೆ ಮೊದಲ ಸಲ ನಾನು ಹಾಕಿದ್ದು 19. ಅಮ್ಮ ಹಾಕಿದ್ದು 25. ಯಾರು ಸರಿ ಅಂತ ಜಗಳವಾಡಿ, ಕೊನೆಗೆ ಇಬ್ಬರೂ ಬೇರೆಬೇರೆ ಹಾಳೆಯಲ್ಲಿ ಬರೆಯುವುದು, ತಿಂಗಳ ಕೊನೆಯ ತನಕ ಇನ್ನೊಬ್ಬರದ್ದು ನೋಡಬಾರದು ಅಂತ ಒಪ್ಪಂದ ಮಾಡಿಕೊಂಡೆವು.

ಇದು ತಮಾಷೆಗೆ ಶುರುವಾದದ್ದು, ಆದರೆ ಹಾಗೆ ಮಾಡಿದ್ದು ಒಳ್ಳೆಯದೇ ಆಯಿತು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಆಮೇಲೆ ಓದಿದೆ. ಕೀಲುನೋವಿನಿಂದ ಕುಂಟುವ ನಾಯಿಗಳಿಗೆ ಔಷಧವೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟು, ಕಾಲಿನ ಒತ್ತಡವನ್ನು ಯಂತ್ರದಲ್ಲಿ ಅಳೆದಿದ್ದರು. ಯಂತ್ರದಲ್ಲಿ ಸುಧಾರಣೆ ಕಾಣದಿದ್ದರೂ ಸುಮಾರು ಶೇಕಡ 57 ಸಲ ಮನೆಯವರಿಗೆ ನಾಯಿ ಸುಧಾರಿಸಿದ ಹಾಗೆ ಕಂಡಿತ್ತು. ಪಶುವೈದ್ಯರೂ ಕಡಿಮೆಯಿಲ್ಲ, ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಸಲ ಅವರ ಕಣ್ಣಿಗೂ ಹಾಗೇ ಕಂಡಿತ್ತು. ಮಾತ್ರೆ ತಿಂದದ್ದು ನಾಯಿ, ವಾಸಿಯಾದದ್ದು ನಮ್ಮ ಮನಸ್ಸು! ಅವಳ ನೋವು ಕಾಣದೇ ಹೋದದ್ದು ನನ್ನ ಒಂದು ಕುರುಡು. ಇಲ್ಲದ ಗುಣ ಕಾಣುವುದು ಇನ್ನೊಂದು. ಅಂಕ ಹಾಕುವುದೂ ನಾನೇ ಆದ್ದರಿಂದ ಅದೂ ಪೂರ್ತಿ ನಂಬುವಂಥದ್ದಲ್ಲ. ಅದಕ್ಕೆ ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ವಿಡಿಯೋ ಮಾಡುತ್ತೇನೆ. ಹಿಂದಿನಿಂದ, ಪಕ್ಕದಿಂದ, ಮತ್ತೆ ಏಳುವುದು. ಮಲಗಿದಲ್ಲಿಂದ ನಾಲ್ಕು ಕಾಲ ಮೇಲೆ ನಿಲ್ಲಲು ಎಷ್ಟು ಸೆಕೆಂಡು ಅಂತ ಬರೆದಿಡುತ್ತೇನೆ. ಮೊದಲ ವಿಡಿಯೋದಲ್ಲಿ 9 ಸೆಕೆಂಡು.

ಮಾತ್ರೆಗೆ ಕಾಯುತ್ತಿದ್ದ ಆ ವಾರದಲ್ಲಿ ಕೈ ಹಾಕಿದ್ದು ನೆಲಕ್ಕೆ.

ನಮ್ಮ ಮನೆಯ ನೆಲ ನುಣುಪು ಟೈಲ್ಸ್. ನಾನು ಕೂತು ಗಮನಿಸಿದೆ. ಜೂಲಿ ನೀರಿನ ಬಟ್ಟಲಿಗೆ ನೇರವಾಗಿ ಹೋಗುತ್ತಿರಲಿಲ್ಲ. ಗೋಡೆಗೆ ಮೈ ಒರಸುತ್ತಾ, ಸೋಫಾದ ಅಂಚು ಹಿಡಿದು, ಸುತ್ತು ಹಾಕಿ ಹೋಗುತ್ತಿದ್ದಳು. ಉಗುರು ಊರಿ ಊರಿ ನಡೆಯುತ್ತಿದ್ದಳು. ಟೈಲ್ಸಿನ ಮೇಲೆ ಉಗುರಿಗೆ ಹಿಡಿತ ಸಿಗುವುದಿಲ್ಲ, ಹಿಡಿತ ಇರುವುದು ಪಾದದ ಮೆತ್ತೆಗೆ. ಅವಳ ಉಗುರು ಉದ್ದವಾಗಿದ್ದವು, ಬೆರಳ ನಡುವಿನ ಕೂದಲು ಮೆತ್ತೆಯನ್ನೇ ಮುಚ್ಚಿತ್ತು. ಸಾಕ್ಸ್ ಹಾಕಿಕೊಂಡು ಜಾರು ನೆಲದ ಮೇಲೆ ನಡೆದ ಹಾಗೆ. ಪ್ರತಿ ಸಲ ಕಾಲು ಜಾರಿ ಅಗಲವಾದಾಗ ಆ ಸಡಿಲ ಕೀಲನ್ನು ಯಾರೋ ಎಳೆದ ಹಾಗೆ ಆಗುತ್ತಿರಬೇಕು.

ಉಗುರು ಕತ್ತರಿಸಿದೆ, ಕೂದಲು ಕತ್ತರಿಸಿದೆ. ಯೋಗ ಮ್ಯಾಟ್‌ಗಳನ್ನು ತಂದು ಹಾಸಿಗೆಯಿಂದ ಬಟ್ಟಲಿಗೆ, ಬಟ್ಟಲಿಂದ ಬಾಗಿಲಿಗೆ ದಾರಿ ಮಾಡಿದೆ. ಒಂದು ಕಡೆ ಮ್ಯಾಟು ಸಾಲದೆ ಒಂದೂವರೆ ಅಡಿ ಖಾಲಿ ಬಿಟ್ಟಿತ್ತು. ಅಷ್ಟು ದಾಟಿಕೊಳ್ಳುತ್ತಾಳೆ ಬಿಡು ಅಂದುಕೊಂಡೆ. ಜೂಲಿ ಆ ಅಂಚಿಗೆ ಬಂದು ನಿಂತಳು. ಕೆಳಗೆ ನೋಡಿದಳು, ನನ್ನನ್ನು ನೋಡಿದಳು, ಅಲ್ಲೇ ಕೂತಳು. ಹೊಳೆಯ ದಡದಲ್ಲಿ ದೋಣಿಗೆ ಕಾಯುವವರ ಹಾಗೆ. ಅದನ್ನು ನೋಡಿದಾಗ ಈ ನೆಲದ ಬಗ್ಗೆ ಅವಳಿಗೆ ಎಷ್ಟು ಭಯ ಇತ್ತು ಅಂತ ಗೊತ್ತಾಯಿತು. ಇನ್ನೊಂದು ಮ್ಯಾಟ್ ಹಾಕಿದ ದಿನದಿಂದ ಗೋಡೆ ಬಿಟ್ಟು ಮನೆಯ ನಡುವೆಯೇ ನಡೆಯುತ್ತಿದ್ದಾಳೆ. ಒಂದು ಮಾತ್ರೆಯೂ ಇಲ್ಲದೆ ಆದ ಬದಲಾವಣೆ ಇದು.

ಅಮ್ಮ ಎರಡು ಸಲ ಮ್ಯಾಟಿನ ಅಂಚಿಗೆ ಎಡವಿದರು, ಅದೂ ನಿಜ. ಈಗ ಎಲ್ಲ ಅಂಚುಗಳಿಗೂ ಎರಡು ಬದಿ ಅಂಟುವ ಟೇಪ್ ಹಾಕಿದೆ. ಮನೆಯಲ್ಲಿ ಇಬ್ಬರು ಕೀಲುನೋವಿನವರಿದ್ದರೆ ಇಬ್ಬರ ಪಾದವನ್ನೂ ನೋಡಿಕೊಳ್ಳಬೇಕಲ್ವಾ.

ಹಾಸಿಗೆ ದಪ್ಪ ಫೋಮಿನದು, ಒಳಗೆ ಹೋಗುವ ಕಡೆ ಅಂಚು ಎತ್ತರವಿಲ್ಲದ್ದು. ಮೆಟ್ಟಿಲಿಗೆ ಗೇಟು. ಕಾರಿಗೆ ಇಳಿಜಾರು ಹಲಗೆ. ಹಲಗೆಯ ಕಥೆ ಸ್ವಲ್ಪ ನಗು ತರಿಸುತ್ತದೆ. ಮೊದಲು ತಂದದ್ದು ಗಿಡ್ಡ, ಹಾಗಾಗಿ ಕಡಿದಾಗಿತ್ತು. ಅವಳು ಅದರ ಪಕ್ಕದಲ್ಲಿ ನಿಂತು ಕಾರಿಗೆ ಹಾರಲು ನೋಡಿದಳು. ಉದ್ದದ್ದು ತಂದು, ಒಂದು ವಾರ ನೆಲದ ಮೇಲೆ ಚಪ್ಪಟೆಯಾಗಿ ಇಟ್ಟು, ಬಿಸ್ಕತ್ತಿನ ಚೂರು ಹಾಕಿ ಮೇಲೆ ನಡೆಸಿದೆ. ಆಮೇಲೆ ಒಂದು ಇಟ್ಟಿಗೆ ಎತ್ತರ. ಆಮೇಲೆ ಎರಡು. ಕಾರಿನ ತನಕ ತಲುಪಲು ಹದಿನೈದು ದಿನ ಹಿಡಿಯಿತು. ಹತ್ತುವುದಕ್ಕಿಂತ ಇಳಿಯುವುದು ಮುಖ್ಯ. ಕಾರಿನಿಂದ ಧುಮುಕಿದಾಗ ಪೂರ್ತಿ ಭಾರ ಮುಂಗಾಲಿನ ಮೇಲೆ ಬೀಳುತ್ತದೆ.

ಇನ್ನು ತೂಕ. ನಿಜವಾದ ಕೆಲಸ ಆದದ್ದು ಇಲ್ಲಿ. ನಮ್ಮ ಮನೆಯಲ್ಲಿ ದೊಡ್ಡ ಜಗಳಗಳಾದದ್ದೂ ಇಲ್ಲೇ.

ಜೂಲಿಯ ತೂಕ 34.2 ಕಿಲೋ ಇತ್ತು. ಇರಬೇಕಾದದ್ದು 29ರ ಆಸುಪಾಸು. ಒಂಬತ್ತು ಅಂಕದ ಮೈಕಟ್ಟಿನ ಅಳತೆಯಲ್ಲಿ 4-5 ಸರಿ, ಅವಳದ್ದು 7. ಪಕ್ಕೆಲುಬು ಕೈಗೆ ಸಿಗಬೇಕಾದರೆ ಒತ್ತಬೇಕಿತ್ತು. ನನ್ನ ಕಣ್ಣಿಗೆ ಅವಳು ‘ಮೈತುಂಬಿಕೊಂಡಿದ್ದಳು’. ಕೊಬ್ಬು ಬರೀ ಹೊರೆಯಲ್ಲ, ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನೂ ಬಿಡುತ್ತದೆ ಅಂತ ಆಗಲೇ ಗೊತ್ತಾಗಿದ್ದು.

ಲ್ಯಾಬ್ರಡಾರ್‌ಗಳ ಮೇಲೆ ನಡೆದ ಒಂದು ದೀರ್ಘ ಅಧ್ಯಯನ ಇದೆ, 2002ರಲ್ಲಿ ಪ್ರಕಟವಾಯಿತು. 48 ನಾಯಿಗಳು, ಒಡಹುಟ್ಟಿದ ಜೋಡಿಗಳು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡ 25 ಕಡಿಮೆ ಊಟ, ಜೀವಮಾನವಿಡೀ. ತೆಳ್ಳಗಿದ್ದವು ನಡುಮಟ್ಟದಲ್ಲಿ 13 ವರ್ಷ ಬದುಕಿದವು, ಇನ್ನೊಂದು ಗುಂಪು 11.2. ಕೀಲುನೋವಿಗೆ ಚಿಕಿತ್ಸೆ ಬೇಕಾದದ್ದೂ ತೆಳ್ಳಗಿದ್ದವಕ್ಕೆ ಸುಮಾರು ಮೂರು ವರ್ಷ ತಡವಾಗಿ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹತ್ತು ವರ್ಷ ಪ್ರೀತಿ ಅಂತ ಬಟ್ಟಲಿಗೆ ಸುರಿದದ್ದೆಲ್ಲ ನೆನಪಾಯಿತು.

ಲೋಟದ ಅಳತೆ ಬಿಟ್ಟು ತಕ್ಕಡಿಗೆ ಬಂದೆವು. ಒಂದೇ ಲೋಟದಲ್ಲಿ ನಾನು ಅಳೆದದ್ದಕ್ಕೂ ಅಮ್ಮ ಅಳೆದದ್ದಕ್ಕೂ 30 ಗ್ರಾಂ ವ್ಯತ್ಯಾಸ ಬಂತು. ಯಾರದು ಜಾಸ್ತಿ ಅಂತ ಹೇಳಬೇಕಾಗಿಲ್ಲ. ಮೊದಲ ಮೂರು ವಾರ ತೂಕ ಒಂದು ಚೂರೂ ಇಳಿಯಲಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸೋಣವಾ ಅಂತ ಯೋಚಿಸುತ್ತಿದ್ದೆ. ಒಂದು ಸಂಜೆ ಬೇಗ ಮನೆಗೆ ಬಂದರೆ ಅಮ್ಮನ ಕುರ್ಚಿಯ ಪಕ್ಕ ಜೂಲಿ ಕೂತಿದ್ದಾಳೆ, ಇಬ್ಬರ ಮುಖದಲ್ಲೂ ಕಳ್ಳತನ.

“ಒಂದೇ ಒಂದು ಬಿಸ್ಕತ್ತು ಕಣೋ.”

“ದಿನಕ್ಕೆ ಎಷ್ಟು ಒಂದೇ ಒಂದು?”

ಐದು ಅಂತ ಗೊತ್ತಾಯಿತು. ಬೇಡ ಅನ್ನಲು ಅಮ್ಮನಿಂದ ಆಗದು. ಅದಕ್ಕೆ ಬೆಳಗ್ಗೆಯೇ ದಿನದ ಊಟವನ್ನು ತೂಗಿ, ಅದರಲ್ಲೇ ಹತ್ತನೆಯ ಒಂದು ಭಾಗವನ್ನು ಸಣ್ಣ ಡಬ್ಬಿಗೆ ಹಾಕಿ ಅಮ್ಮನ ಕೈಗೆ ಕೊಡುತ್ತೇನೆ. ಒಂದೊಂದೇ ಕಾಳು ಕೊಡುತ್ತಾರೆ. ಜೂಲಿಗೆ ಬೇಕಾಗಿದ್ದದ್ದು ಬಿಸ್ಕತ್ತಲ್ಲ, ಕೊಡುವ ಕೈ. ಅಮ್ಮನಿಗೂ ಅಷ್ಟೇ.

ಮೊದಲ ಎರಡು ಕಿಲೋ ಇಳಿದದ್ದು ಮೂರನೆಯ ತಿಂಗಳಿಗೆ. ಮೈತೂಕದ ಶೇಕಡ 6ರಷ್ಟು ಇಳಿದರೇ ಕುಂಟು ಕಡಿಮೆಯಾಗುವುದು ಕಾಣುತ್ತದೆ ಅಂತ 2010ರ ಒಂದು ಸಣ್ಣ ಅಧ್ಯಯನ ಹೇಳಿತ್ತು. ಲೆಕ್ಕ ಹಾಕಿದರೆ ಜೂಲಿಗೆ ಅದು ಎರಡು ಕಿಲೋ. ನೋಟ್‌ಬುಕ್‌ನಲ್ಲಿ ಆ ತಿಂಗಳು ನಾನು 16 ಹಾಕಿದ್ದೆ, ಅಮ್ಮ 17. ಮೊದಲ ಸಲ ನಮ್ಮಿಬ್ಬರ ಅಂಕ ಹತ್ತಿರ ಬಂದಿತ್ತು.

ಹಾಗಂತ ಅದು ತೂಕದ ಫಲ ಮಾತ್ರ ಅಲ್ಲ. ಮಾತ್ರೆ ಶುರುವಾಗಿ ಎರಡೂವರೆ ತಿಂಗಳಾಗಿತ್ತು. ಜೂಲಿಗೆ ಕೊಟ್ಟದ್ದು ಕಾರ್ಪ್ರೊಫೆನ್, ಐಬುಪ್ರೊಫೆನ್ ಜಾತಿಯದೇ ಆದರೂ ನಾಯಿಗಳಿಗೆ ಕೊಡುವ ನೋವಿನ ಮಾತ್ರೆ. ಶುರು ಮಾಡುವ ಮುಂಚೆ ಲಿವರ್, ಕಿಡ್ನಿಗೆ ರಕ್ತ ಪರೀಕ್ಷೆ, ಮೂರು ವಾರದ ನಂತರ ಮತ್ತೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಊಟದ ಜೊತೆಗೇ ಕೊಡುವುದು. ವಾಂತಿ, ಭೇದಿ, ಊಟ ಬಿಡುವುದು, ಕಪ್ಪು ಬಣ್ಣದ ಮಲ, ಜಾಸ್ತಿ ನೀರು ಕುಡಿಯುವುದು, ಯಾವುದಾದರೂ ಕಂಡರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕು. ಸ್ಟೀರಾಯ್ಡ್ ಜೊತೆ ಇದನ್ನು ಸೇರಿಸುವ ಹಾಗಿಲ್ಲ. ಈ ಸೂಚನೆಗಳು ಫ್ರಿಜ್ ಬಾಗಿಲ ಮೇಲೆ ಅಮ್ಮನ ಅಕ್ಷರದಲ್ಲಿವೆ.

ಐದನೆಯ ದಿನ ಜೂಲಿ ಹಳೆಯ ಹಗ್ಗದ ಆಟಿಕೆ ಕಚ್ಚಿಕೊಂಡು ಬಂದು ನನ್ನ ಕಾಲ ಮೇಲೆ ಹಾಕಿದಳು. ಆ ಹಗ್ಗ ಎಲ್ಲಿತ್ತು ಅಂತಲೂ ನನಗೆ ಮರೆತುಹೋಗಿತ್ತು.

ಒಳ್ಳೆಯದಾಯಿತು ಅನ್ನಿಸಿದ ಕೂಡಲೇ ಮಾತ್ರೆ ನಿಲ್ಲಿಸುವ ಆಸೆ ಬರುತ್ತದೆ. ನನಗೂ ಬಂತು. ಎರಡು ತಿಂಗಳಾದ ಮೇಲೆ ಡಾಕ್ಟರನ್ನು ಕೇಳಿ ದಿನ ಬಿಟ್ಟು ದಿನ ಮಾಡಿ ನೋಡಿದೆವು. ಏಳುವ ಹೊತ್ತು 4 ಸೆಕೆಂಡಿನಿಂದ 7ಕ್ಕೆ ಹೋಯಿತು. ನೋಟ್‌ಬುಕ್ ಇಲ್ಲದಿದ್ದರೆ ‘ಪರವಾಗಿಲ್ಲ, ಚೆನ್ನಾಗೇ ಇದ್ದಾಳೆ’ ಅಂತಿದ್ದೆ. ಮತ್ತೆ ದಿನಾ ಕೊಡಲು ಶುರು ಮಾಡಿದೆವು. ಬಹಳ ದಿನದ ನೋವು ಬರೀ ಕೀಲಿನಲ್ಲಿ ಉಳಿಯುವುದಿಲ್ಲ. ನರಗಳು ಅದಕ್ಕೆ ಪಳಗಿ ಸಣ್ಣ ಮುಟ್ಟುವಿಕೆಯನ್ನೂ ದೊಡ್ಡ ನೋವು ಮಾಡಿ ಮಿದುಳಿಗೆ ಕಳಿಸತೊಡಗುತ್ತವೆ. ಮಗು ಸೊಂಟಕ್ಕೆ ಒರಗಿದಾಗ ಆದದ್ದು ಅದೇ ಇರಬೇಕು.

ರಾತ್ರಿಯ ಚಡಪಡಿಕೆಗೆ ಗ್ಯಾಬಪೆಂಟಿನ್ ಎಂಬ ನರದ ನೋವಿನ ಔಷಧ ಸೇರಿಸಿದರು. ಮೊದಲ ಮೂರು ದಿನ ಕುಡಿದವರ ಹಾಗೆ ತೂಗಾಡಿದಳು, ಆಮೇಲೆ ಸರಿಹೋಯಿತು. ಇದರಲ್ಲಿ ಒಂದು ಎಚ್ಚರ. ಮನುಷ್ಯರಿಗೆಂದು ಮಾಡಿದ ದ್ರವರೂಪದ ಗ್ಯಾಬಪೆಂಟಿನ್‌ನಲ್ಲಿ ಸಿಹಿಗೆ ಜೈಲಿಟಾಲ್ ಇರಬಹುದು. ಜೈಲಿಟಾಲ್ ನಾಯಿಗೆ ವಿಷ. ಗೆಳೆಯರೊಬ್ಬರು ಟ್ರಾಮಡಾಲ್ ಎಂಬ ಇನ್ನೊಂದು ನೋವಿನ ಮಾತ್ರೆ ಕೇಳಿ ನೋಡು ಅಂದಿದ್ದರು. ಕೇಳಿದೆ. ಮೊಣಕೈ ಮತ್ತು ಮಂಡಿಯ ಕೀಲುನೋವಿರುವ ನಾಯಿಗಳಲ್ಲಿ ಅದನ್ನು ಕಾರ್ಪ್ರೊಫೆನ್ ಜೊತೆ ಹೋಲಿಸಿದ ಅಧ್ಯಯನ 2018ರಲ್ಲಿ ಬಂದಿದೆ. ಕಾರ್ಪ್ರೊಫೆನ್‌ನಿಂದ ಪ್ರಯೋಜನ ಕಂಡಿತು, ಟ್ರಾಮಡಾಲ್‌ನಿಂದ ಕಾಣಲಿಲ್ಲ.

ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲೂಕೋಸಮೈನ್ ಪುಡಿಯನ್ನೂ ಎರಡು ತಿಂಗಳು ಹಾಕಿದೆ. ನೋಟ್‌ಬುಕ್ ಅಲುಗಲಿಲ್ಲ. ಅದಕ್ಕಿರುವ ಸಾಕ್ಷ್ಯವೂ ದುರ್ಬಲ. ನಿಲ್ಲಿಸಿದೆ. ಮೀನೆಣ್ಣೆಯ ಒಮೆಗಾ-3ಕ್ಕೆ ಅದಕ್ಕಿಂತ ಗಟ್ಟಿ ಆಧಾರ ಇದೆ, ಅದು ನಡೆಯುತ್ತಿದೆ. ಒಮ್ಮೆಲೇ ಪೂರ್ತಿ ಪ್ರಮಾಣ ಹಾಕಿದ್ದಕ್ಕೆ ಎರಡು ದಿನ ಹೊಟ್ಟೆ ಕೆಟ್ಟಿತು, ಅದು ನನ್ನ ಆತುರ.

ನಡಿಗೆಯ ಬಗ್ಗೆ ನನ್ನ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು. ವಾರವಿಡೀ ಹತ್ತು ನಿಮಿಷ, ಭಾನುವಾರ ಒಂದು ಗಂಟೆ ಮತ್ತೆ ಚೆಂಡಾಟ. ಸೋಮವಾರ ಅವಳು ಏಳಲಾರಳು. ಚೆಂಡಿನ ಹಿಂದೆ ಓಡುವುದಕ್ಕಿಂತ ಕೆಟ್ಟದ್ದು ಗಕ್ಕನೆ ನಿಲ್ಲುವುದು, ತಿರುಗುವುದು. ಚೆಂಡನ್ನು ಅಟ್ಟಕ್ಕೆ ಹಾಕಿದೆ. ಹಾಗಂತ ಮಲಗಿಸಿಬಿಡುವುದೂ ತಪ್ಪು, ಮಾಂಸಖಂಡ ಕರಗಿದರೆ ಕೀಲಿಗೆ ಆಸರೆಯೇ ಇರುವುದಿಲ್ಲ. ಈಗ ದಿನಕ್ಕೆ ಮೂರು ಸಲ, ಹದಿನೈದು ಹದಿನೈದು ನಿಮಿಷ, ಹಗ್ಗ ಹಿಡಿದೇ, ಎಲ್ಲ ದಿನವೂ ಒಂದೇ ಸಮ. ಮೊದಲ ಐದು ನಿಮಿಷ ತೀರಾ ನಿಧಾನ. ಅವಳು ಮೂಸುತ್ತಾ ನಿಂತರೆ ನಾನೂ ನಿಲ್ಲುತ್ತೇನೆ. ಒಂದು ಕಂಬವನ್ನು ನಾಲ್ಕು ನಿಮಿಷ ಮೂಸಿದ ದಾಖಲೆ ಇದೆ.

ಮನೆಯಲ್ಲಿ ಸಣ್ಣ ವ್ಯಾಯಾಮ. ಕೂರು, ಏಳು, ಐದು ಸಲ. ಪೊರಕೆಯ ಕೋಲುಗಳನ್ನು ನೆಲದ ಮೇಲಿಟ್ಟು ಒಂದೊಂದೇ ದಾಟಿಸುವುದು, ಕಾಲೆತ್ತಿ ಇಡುವ ಅಭ್ಯಾಸಕ್ಕೆ. ಚಳಿಯಲ್ಲಿ ಬೆಳಗ್ಗೆ ಹದಿನೈದು ನಿಮಿಷ ಸೊಂಟಕ್ಕೆ ಬೆಚ್ಚನೆಯ ಬಟ್ಟೆ, ಮೊದಲು ನನ್ನ ಮುಂಗೈಗೆ ಇಟ್ಟು ಬಿಸಿ ನೋಡಿಕೊಂಡು. ಅಮ್ಮ ತಮ್ಮ ಮಂಡಿಗೂ ಆಗಲೇ ಶಾಖ ಕೊಟ್ಟುಕೊಳ್ಳುತ್ತಾರೆ. ನೀರೊಳಗಿನ ಟ್ರೆಡ್‌ಮಿಲ್‌ಗೂ ಆರು ಸಲ ಹೋದೆವು. ನೀರು ಭಾರ ಹೊರುವುದರಿಂದ ಕೀಲಿಗೆ ಪೆಟ್ಟಿಲ್ಲದೆ ಕಾಲಿಗೆ ಕೆಲಸ ಸಿಗುತ್ತದೆ. ಜೂಲಿಗೆ ಅದು ಹಿಡಿಸಲೇ ಇಲ್ಲ. ನಡುಗುತ್ತಾ ನಿಲ್ಲುವವಳನ್ನು ನೋಡಲಾಗದೆ ಬಿಟ್ಟೆ. ಬೇರೆ ನಾಯಿಗಳು ಅಲ್ಲಿ ಖುಷಿಯಾಗಿ ನಡೆಯುವುದನ್ನೂ ನೋಡಿದ್ದೇನೆ.

ಏಳನೆಯ ತಿಂಗಳಿಗೆ ತೂಕ 29.6. ಬಲತೊಡೆ 35 ಸೆಂಟಿಮೀಟರ್. ಏಳಲು 3 ಸೆಕೆಂಡು. ಅಂಕ, ನನ್ನದು 12, ಅಮ್ಮನದು 13.

ನಡುವೆ ಒಂದು ವಾರ ಹೆದರಿಕೆಯಾಗಿತ್ತು. ಎಡಗಾಲಿನ ಉಗುರುಗಳ ಮೇಲ್ಭಾಗ ಸವೆದ ಹಾಗೆ ಕಂಡಿತು. ಕಾಲು ಎಳೆಯುವುದು, ಪಾದ ಮಡಚಿ ಬೆರಳ ಮೇಲ್ಭಾಗದಲ್ಲಿ ನಿಲ್ಲುವುದು ಹೆಚ್ಚಾಗಿ ಕೀಲುನೋವಿನ ಲಕ್ಷಣವಲ್ಲ, ನರದ್ದು. ಡಿಜನರೇಟಿವ್ ಮೈಲೋಪತಿ ಅಂತ ಒಂದು ಕಾಯಿಲೆ ಇದೆ, ಬೆನ್ನುಹುರಿ ಮೆಲ್ಲಗೆ ಕೆಡುತ್ತದೆ, ನೋವೇ ಇರುವುದಿಲ್ಲ. ಡಾಕ್ಟರು ಅವಳ ಪಾದವನ್ನು ತಿರುಗಿಸಿ ನೆಲಕ್ಕಿಟ್ಟು ಬಿಟ್ಟರು. ತಕ್ಷಣ ಸರಿಮಾಡಿಕೊಂಡಳು. ನರ ಸರಿಯಿದೆ ಅಂದರು. ಅಂಗಳದ ಒರಟು ಕಾಂಕ್ರೀಟಿನ ಮೇಲೆ ಸುಸ್ತಾದಾಗ ಕಾಲು ತಾಗುತ್ತಿತ್ತು, ಅಷ್ಟೇ. ನೀವು ಇಂಥದ್ದು ಕಂಡರೆ ‘ವಯಸ್ಸಾಯಿತು’ ಅಂದುಕೊಳ್ಳದೆ ತೋರಿಸಿ.

ಈಗ ಅವಳಿಗೆ ಹನ್ನೆರಡು ಹತ್ತಿರ. ಕಳೆದ ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಅಂಕಿ ಸ್ವಲ್ಪ ಮೇಲೆ ಹೋಗಿದೆ. ಕಾರ್ಪ್ರೊಫೆನ್ ಹೀಗೇ ಮುಂದುವರಿಸಲು ಆಗದೇ ಇರಬಹುದು. ಡಾಕ್ಟರು ಬೆಡಿನ್‌ವೆಟ್‌ಮ್ಯಾಬ್ ಚುಚ್ಚುಮದ್ದಿನ ಮಾತು ತೆಗೆದಿದ್ದಾರೆ, ಲಿಬ್ರೆಲಾ ಅನ್ನುವ ಹೆಸರಿನದು. ತಿಂಗಳಿಗೊಮ್ಮೆ ಚರ್ಮದ ಕೆಳಗೆ. ನೋವಿನ ಸುದ್ದಿ ಹೆಚ್ಚಿಸುವ ಒಂದು ಪ್ರೋಟೀನ್ ಇದೆ, ಅದನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯ ಇದು. ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು. ಎಷ್ಟೋ ನಾಯಿಗಳು ಇದರಿಂದ ಚೆನ್ನಾಗಿ ಓಡಾಡುತ್ತಿವೆ. ಆದರೆ 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಶುವೈದ್ಯರಿಗೆ ಪತ್ರ ಬರೆದು, ಕೆಲವು ನಾಯಿಗಳಲ್ಲಿ ತೂರಾಟ, ಸೆಳೆತ, ಮೂತ್ರದ ಹಿಡಿತ ತಪ್ಪುವುದು, ಸಾವು ಕೂಡ ವರದಿಯಾಗಿವೆ ಎಂದು ಎಚ್ಚರಿಸಿತು. ಎರಡನ್ನೂ ಡಾಕ್ಟರೇ ನನ್ನ ಮುಂದಿಟ್ಟರು, ಅದು ನನಗೆ ಹಿಡಿಸಿತು. ನಿರ್ಧಾರ ಇನ್ನೂ ಮಾಡಿಲ್ಲ. ಮುಂದಿನ ವಾರ ಮತ್ತೆ ರಕ್ತ ತೆಗೆಯುತ್ತಾರೆ, ನೋಡಿಕೊಂಡು ಮಾತಾಡುತ್ತೇವೆ. ನೋಟ್‌ಬುಕ್ ತೆಗೆದುಕೊಂಡು ಹೋಗುತ್ತೇನೆ.

ಅದರ ಕೊನೆಯ ಹಾಳೆಯಲ್ಲಿ ಇನ್ನೊಂದು ಪಟ್ಟಿ ಇದೆ. ಕೊನೆಗಾಲದಲ್ಲಿ ನಾಯಿಯ ಬದುಕು ಇನ್ನೂ ಹಿತವಾಗಿದೆಯಾ ಅಂತ ನೋಡಲು ಆಲಿಸ್ ವಿಲ್ಲಲೋಬೋಸ್ ಎಂಬ ಪಶುವೈದ್ಯೆ ಮಾಡಿದ್ದು. ನೋವು, ಹಸಿವು, ನೀರು, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯಾ. ಬರೆದಿಟ್ಟಿದ್ದೇನೆ, ತುಂಬಿಲ್ಲ. ಅಮ್ಮ ಆ ಹಾಳೆಯನ್ನು ಕ್ಲಿಪ್ಪು ಹಾಕಿ ಮುಚ್ಚಿದ್ದಾರೆ.

ಮೆಟ್ಟಿಲ ಗೇಟು ಹಾಗೇ ಇದೆ. ಅವಳು ಮೇಲೆ ಬರುವುದು ಬೇಡ. ನಾನೇ ಮಂಚ ಬಿಚ್ಚಿ ಕೆಳಗೆ ತಂದೆ, ಅವಳ ಹಾಸಿಗೆಯ ಪಕ್ಕ. ರಾತ್ರಿ ಅವಳು ಗೊರಕೆ ಹೊಡೆಯುತ್ತಾಳೆ, ಆ ಕೋಣೆಯಿಂದ ಅಮ್ಮನೂ. ಬೆಳಗ್ಗೆ ಆರೂವರೆಗೆ ಮೊದಲು ಅಮ್ಮನ ಕುರ್ಚಿ ಕಿರ್ ಅನ್ನುತ್ತದೆ. ಜೂಲಿ ಕಿವಿ ಎತ್ತುತ್ತಾಳೆ, ಮುಂಗಾಲು ಊರುತ್ತಾಳೆ. ನಾನು ಮಲಗಿದಲ್ಲೇ ಎಣಿಸುತ್ತೇನೆ. ಇವತ್ತು ನಾಲ್ಕು.